ಅಂಟಕ್ಕನ ಅರವತ್ತು

ಸಂಬಳದ ಪಟ್ಟಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಅದು ಬೇಕಾಗುತ್ತಿದ್ದದ್ದು ತಿಂಗಳಿಗೊಂದು ಸಲ. ಮಿಕ್ಕ ದಿನಗಳಲ್ಲಿ ದಂತ ಕಾಲೇಜಿನ ಮೂರನೇ ಮಹಡಿಯಿಂದ ನೆಲಮಾಳಿಗೆಯವರೆಗೆ ಎಲ್ಲರಿಗೂ ಅವಳು ಅಂಟಕ್ಕ. ವಿಭಾಗದ ಮುಖ್ಯಸ್ಥರು ಕೂಡ ಹಾಗೇ ಕರೆಯುತ್ತಿದ್ದರು. ಅವರಿಗೆ ಅವಳ ಅಸಲಿ ಹೆಸರು ಗೊತ್ತಿತ್ತೋ ಇಲ್ಲವೋ, ದೇವರೇ ಬಲ್ಲ.

ಸೊಟ್ಟ ಹಲ್ಲಿಗೆ ಕ್ಲಿಪ್ ಹಾಕುವ ವಿಭಾಗದಲ್ಲಿ ಅವಳು ಆಯಾ. ಇಪ್ಪತ್ತನೇ ವಯಸ್ಸಿನಲ್ಲಿ ಪೊರಕೆ ಹಿಡಿದು ಒಳಗೆ ಬಂದವಳು ಕೆಲವೇ ವರ್ಷಗಳಲ್ಲಿ ರೋಗಿಯ ಕುರ್ಚಿಯ ಪಕ್ಕಕ್ಕೆ ಬಂದು ನಿಂತಿದ್ದಳು. ಕಾಗದದ ಪ್ರಕಾರ ಅವಳು ಯಾರ ಬಾಯಿಗೂ ಬೆರಳಿಡುವ ಹಾಗಿರಲಿಲ್ಲ. ಆದರೆ ವಿದ್ಯಾರ್ಥಿ ಡಾಕ್ಟರುಗಳಿಗೆ ಮೂರನೇ ಕೈಯೊಂದು ಬೇಕಿತ್ತು, ಆ ಮೂರನೇ ಕೈ ಅವರ ಎರಡಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹಲ್ಲಿನ ಮೇಲೆ ಕೂರಿಸುವ ಬೇಳೆಯಷ್ಟು ಚಿಕ್ಕ ಚೌಕಕ್ಕೆ ಬ್ರಾಕೆಟ್ ಎನ್ನುತ್ತಾರೆ. ತಂತಿ ಹಾಯುವುದು ಅದರ ಮೂಲಕ. ಅದು ಬರೀ ಅಂಟಿನಿಂದ ನಿಲ್ಲುವುದಿಲ್ಲ. ಮೊದಲು ಹಲ್ಲಿಗೆ ನೀಲಿ ಬಣ್ಣದ ಆಸಿಡ್ ಹಚ್ಚಿ ಮೂವತ್ತು ಎಣಿಸಬೇಕು. ಹಲ್ಲಿನ ನುಣುಪಾದ ಹೊರಪದರ, ಅಂದರೆ ಎನಾಮಲ್, ಕಣ್ಣಿಗೆ ಕಾಣದಷ್ಟು ಕೊರೆದು ಒರಟಾಗುತ್ತದೆ. ತೊಳೆದು ಒಣಗಿಸಿದರೆ ಹಲ್ಲು ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಳ್ಳುತ್ತದೆ. ಆ ಸಣ್ಣ ಸಣ್ಣ ಕುಳಿಗಳಿಗೆ ಅಂಟು ಇಳಿದು ಬೇರು ಬಿಡುತ್ತದೆ. ಆಮೇಲೆ ಬ್ರಾಕೆಟ್ ಒತ್ತಿ ನೀಲಿ ದೀಪ ಹಿಡಿದರೆ ಮುಗಿಯಿತು. ಯಾವ ಬ್ರಾಕೆಟ್ ಎಲ್ಲಿ ಕೂರಬೇಕು ಅನ್ನುವುದು ಡಾಕ್ಟರುಗಳ ಕೆಲಸ. ಆಸಿಡ್ ಹಚ್ಚುವುದು, ತೊಳೆಯುವುದು, ಒಣಗಿಸುವುದು ಅಂಟಕ್ಕನದು.

ಅವಳು ಮೂವತ್ತು ಎಣಿಸುತ್ತಿರಲಿಲ್ಲ. ಅರವತ್ತು ಎಣಿಸುತ್ತಿದ್ದಳು.

ಅದಕ್ಕೊಂದು ಕಾರಣವಿತ್ತು. ಕುರ್ಚಿಯ ಪಕ್ಕಕ್ಕೆ ಬಂದ ಹೊಸತರಲ್ಲಿ ಒಂದೇ ವಾರಕ್ಕೆ ಹನ್ನೊಂದು ಬ್ರಾಕೆಟ್ ಉದುರಿದ್ದವು. ಒಬ್ಬ ರೋಗಿ ಊಟದ ಜೊತೆ ಒಂದನ್ನು ನುಂಗಿಯೇಬಿಟ್ಟಿದ್ದ. ಮುಖ್ಯಸ್ಥರು ಎಲ್ಲರ ಎದುರಿಗೇ ಟ್ರೇ ಎತ್ತಿ ಕುಕ್ಕಿ, ಹಲ್ಲು ಒಣಗಿಸಲು ಬಾರದವಳು ಪೊರಕೆಯನ್ನೇ ಹಿಡಿದಿರಬೇಕಿತ್ತು ಎಂದಿದ್ದರು. ತಪ್ಪು ಅವಳದಾಗಿರಲಿಲ್ಲ, ಅವಧಿ ಮುಗಿದ ಅಂಟಿನದು. ಅದು ಆಮೇಲೆ ಎಲ್ಲರಿಗೂ ತಿಳಿಯಿತು, ಅವಳಿಗೆ ಹೇಳುವ ಉಸಾಬರಿಗೆ ಯಾರೂ ಹೋಗಲಿಲ್ಲ. ಅವತ್ತಿನಿಂದ ಅವಳು ಅರವತ್ತಕ್ಕೆ ಬಂದಳು. ತುಟಿ ಅಲ್ಲಾಡಿಸದೆ, ಚಪ್ಪಲಿಯೊಳಗೆ ಕಾಲಿನ ಹೆಬ್ಬೆರಳು ಕುಟ್ಟುತ್ತ ಎಣಿಸುವುದು. ಆಮೇಲೆ ಅವಳ ಕೈ ಸೋಕಿದ ಹಲ್ಲಿನಿಂದ ಬ್ರಾಕೆಟ್ ಉದುರಿದ್ದನ್ನು ನಾನು ಕೇಳಿಲ್ಲ. ಅಂಟಕ್ಕ ಎಂಬ ಹೆಸರು ಬಿದ್ದದ್ದು ಹಾಗೆ. ಬೇರೆ ಆಯಾಗಳು ಆಡಿಕೊಳ್ಳಲೆಂದೇ ಕರೆದರೂ ಅವಳು ಅದನ್ನು ಬಿರುದು ಕೊಟ್ಟಷ್ಟು ಸಂತೋಷದಿಂದ ತೆಗೆದುಕೊಳ್ಳುತ್ತಿದ್ದಳು.

ಇನ್ನು ನಾನು. ನೆಲಮಾಳಿಗೆಯ ಪರೀಕ್ಷಾ ಕೋಣೆಯಲ್ಲಿ ಯಂತ್ರ ನಡೆಸುವವನು. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಕಿತ್ತ ಹಲ್ಲುಗಳನ್ನು ಪ್ಲಾಸ್ಟರಿನ ಗಟ್ಟಿಯಲ್ಲಿ ನೆಟ್ಟು, ಮೇಲೆ ಬ್ರಾಕೆಟ್ ಅಂಟಿಸಿ ನನ್ನಲ್ಲಿಗೆ ತರುತ್ತಾರೆ. ನಾನು ಗಟ್ಟಿಯನ್ನು ಬಿಗಿದು, ಉಳಿಯಂಥ ಅಲಗನ್ನು ಬ್ರಾಕೆಟ್ಟಿನ ನೆತ್ತಿಗೆ ತಾಗಿಸಿ ಗುಂಡಿ ಒತ್ತುತ್ತೇನೆ. ಅಲಗು ನಿಮಿಷಕ್ಕೊಂದು ಮಿಲಿಮೀಟರಿನಂತೆ ಇಳಿಯುತ್ತದೆ. ಪರದೆಯ ಮೇಲೆ ಗೆರೆಯೊಂದು ಏರುತ್ತ ಹೋಗಿ, ಟಕ್ ಎಂದು ಬ್ರಾಕೆಟ್ ಹಾರಿದ ಕ್ಷಣ ದೊಪ್ಪನೆ ಕೆಳಗಿಳಿಯುತ್ತದೆ. ಗೆರೆ ಮುಟ್ಟಿದ ತುದಿಯೇ ಅಂಟಿನ ಬಲ. ಆ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಮೂವತ್ತು ವರ್ಷ ಇದನ್ನೇ ಮಾಡಿದೆ. ಕೇಳಿದವರಿಗೆಲ್ಲ ನನ್ನ ಹೆಂಡತಿ, ಇವರು ಹಲ್ಲು ಮುರಿಯೋರು, ಎನ್ನುತ್ತಿದ್ದಳು. ತಮಾಷೆಗೆ.

ಈ ಅಂಕಿಯ ವಿಚಾರದಲ್ಲಿ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಬ್ರಾಕೆಟ್ ಎರಡು ವರ್ಷ ಅಗಿತಕ್ಕೂ ಎಳೆತಕ್ಕೂ ಜಗ್ಗದೆ ನಿಲ್ಲಬೇಕು ನಿಜ. ಆದರೆ ಕೆಲಸ ಮುಗಿದ ದಿನ ಇಕ್ಕಳ ಹಾಕಿದರೆ ಹಲ್ಲಿಗೆ ಏನೂ ಆಗದಂತೆ ಬಿಟ್ಟುಕೊಂಡೂ ಬರಬೇಕು. ಎಂಟು ಬಂದರೆ ಸಾಕು, ಹತ್ತು ಬಂದರೆ ಬೇಕಾದಷ್ಟಾಯಿತು. ಅದಕ್ಕಿಂತ ಮೇಲೆ ಹೋದ ಹಾಗೆಲ್ಲ ಏಟು ಹಲ್ಲಿನ ಮೇಲೆ ಬೀಳತೊಡಗುತ್ತದೆ. ಇದು ನನಗೆ ಗೊತ್ತಿತ್ತು. ಅಂಟಕ್ಕನಿಗೆ ಗೊತ್ತಿದ್ದದ್ದು ಉದುರುವುದು ತಪ್ಪು ಅನ್ನುವುದೊಂದೇ. ಅದನ್ನು ಕಲಿಸಿದ್ದು ಆ ಕುಕ್ಕಿದ ಟ್ರೇ.

ಅವಳಿಗೆ ಒಬ್ಬಳೇ ಮಗಳು, ಪುಟ್ಟಿ. ಪುಟ್ಟಿಗೆ ನಾಲ್ಕು ವರ್ಷವಿದ್ದಾಗ ಗಂಡ ಕಾಯಿಲೆ ಬಿದ್ದು ತೀರಿಕೊಂಡಿದ್ದ. ಬಸ್ ಡಿಪೋದ ಹಿಂದೆ ಎರಡು ಕೋಣೆಯ ಮನೆ. ಬಸ್ಸುಗಳು ಹೊರಡುವಾಗ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು, ತಾಯಿ ಮಗಳಿಬ್ಬರೂ ಅದಕ್ಕೆ ಒಗ್ಗಿಹೋಗಿ ಮನೆಗೆ ಬಂದವರ ಮಾತಿಗೂ ಜೋರು ದನಿಯಲ್ಲೇ ಉತ್ತರಿಸುತ್ತಿದ್ದರು. ಹುಡುಗಿಯ ಮೇಲಿನ ಮುಂದಿನ ಹಲ್ಲುಗಳು ತುಟಿ ದಾಟಿ ಹೊರಗೆ ಬಂದಿದ್ದವು. ಶಾಲೆಯಲ್ಲಿ ಅವಳಿಗೆ ಇಟ್ಟ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ನಗು ಬಂದರೆ ಸಾಕು, ಬಲಗೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಶಾಲೆ ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯುವವರೆಗೆ ನನ್ನ ಕೋಣೆಯ ಸ್ಟೂಲಿನ ಮೇಲೆ ಕೂತು ಓದಿಕೊಳ್ಳುತ್ತಿದ್ದಳು. ನನ್ನನ್ನು ಮಾಮ ಎನ್ನುತ್ತಿದ್ದಳು. ನಾನು ಎಂಥ ಹಳಸಲು ಜೋಕು ಹೇಳಿದರೂ ನಗುತ್ತಿದ್ದಳು, ಕೈ ಅಡ್ಡ ಹಿಡಿದೇ. ನನ್ನ ಮನೆಯಲ್ಲಿ ನನ್ನ ಜೋಕಿಗೆ ಯಾರೂ ನಗುತ್ತಿರಲಿಲ್ಲವಾದ್ದರಿಂದ ಅವಳನ್ನು ಕಂಡರೆ ನನಗೆ ವಿಶೇಷ ಅಕ್ಕರೆ.

ಒಂದು ಸಂಜೆ ಅಂಟಕ್ಕ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು. ಹುಡುಗಿ ಚೀಲ ತೆಗೆದುಕೊಳ್ಳಲು ಆಚೆ ಹೋದಾಗ ನನಗೆ ಹೇಳಿದಳು:

“ಆ ಕೈ ಒಂದು ಕೆಳಗೆ ಇಳೀಬೇಕು ಅಣ್ಣಾ. ನನಗೆ ಬೇರೇನೂ ಬೇಡ.”

ಪುಟ್ಟಿಗೆ ಹದಿಮೂರು ತುಂಬಿದ ವರ್ಷ ವಿಭಾಗಕ್ಕೆ ಪಿಂಗಾಣಿಯ ಬ್ರಾಕೆಟ್ಟುಗಳು ಬಂದವು. ಉಕ್ಕಿನ ಹಾಗೆ ಹೊಳೆಯುವುದಿಲ್ಲ, ಹಲ್ಲಿನದೇ ಬಣ್ಣ, ದೂರಕ್ಕೆ ಕಾಣುವುದಿಲ್ಲ. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ನಾವು ಡಾಕ್ಟರಮ್ಮ ಎನ್ನುತ್ತಿದ್ದವಳು, ಉಕ್ಕಿನದು ಗಟ್ಟಿಯೋ ಪಿಂಗಾಣಿಯದು ಗಟ್ಟಿಯೋ ಎಂದು ನೋಡಲು ಹೊರಟಳು. ಇಪ್ಪತ್ತು ಹಲ್ಲಿಗೆ ಉಕ್ಕಿನದನ್ನು ತಾನೇ ಹಾಕಿದಳು. ಅಷ್ಟರಲ್ಲಿ ಸೊಂಟ ಹಿಡಿಯಿತೋ ಪರೀಕ್ಷೆ ಹತ್ತಿರ ಬಂತೋ, ಪಿಂಗಾಣಿಯ ಇಪ್ಪತ್ತನ್ನು ಅಂಟಕ್ಕನ ಕೈಗೆ ಕೊಟ್ಟಳು. ಪ್ರಬಂಧದಲ್ಲಿ ಎಲ್ಲವನ್ನೂ ಒಬ್ಬರೇ ಮಾಡಿದ್ದು ಎಂದೇ ಇದೆ, ನಾನು ಓದಿದ್ದೇನೆ.

ನಲವತ್ತು ಗಟ್ಟಿಗಳೂ ನನ್ನ ಯಂತ್ರಕ್ಕೆ ಬಂದವು. ಉಕ್ಕಿನವು ಒಂಬತ್ತು, ಹತ್ತು, ಎಂಟೂವರೆ ಹೀಗೆ ನೆಟ್ಟಗೆ ಬಿಟ್ಟುಕೊಂಡವು. ಅಂಟಕ್ಕನವು ಹದಿನೇಳಕ್ಕೆ, ಹತ್ತೊಂಬತ್ತಕ್ಕೆ ಹೋದವು. ಒಂದು ಇಪ್ಪತ್ತೆರಡು ಮುಟ್ಟಿತು. ಅದು ಪಿಂಗಾಣಿಯ ಗುಣವೋ, ಅರವತ್ತರ ಎಣಿಕೆಯೋ, ಅವಳು ಒಣಗಿಸುವ ಕಾಳಜಿಯೋ, ನಾನು ಹೇಳಲಾರೆ. ನಾಲ್ಕು ಹಲ್ಲುಗಳಲ್ಲಿ ಮಾತ್ರ ಟಕ್ ಎಂಬ ಸದ್ದಿನ ಜೊತೆಗೆ ಗಾಜು ಬಿರಿದಂಥ ಇನ್ನೊಂದು ಸಣ್ಣ ಸದ್ದು ಬಂತು. ಬ್ರಾಕೆಟ್ ತಿರುಗಿಸಿ ಭೂತಗನ್ನಡಿ ಹಿಡಿದೆ. ಬೆನ್ನಿಗೆ ಹೊಳೆಯುವ ತೆಳು ಚಕ್ಕೆ ಮೆತ್ತಿಕೊಂಡಿತ್ತು. ಹಲ್ಲಿನ ಮೇಲೆ ಅದೇ ಆಕಾರದ ಗುಳಿ. ಅಂಟು ಬಿಟ್ಟಿರಲಿಲ್ಲ, ಹಲ್ಲೇ ಬಿಟ್ಟಿತ್ತು.

ಆ ನಾಲ್ಕು ಸಾಲುಗಳ ಮುಂದೆ ಪೆನ್ಸಿಲಿನಲ್ಲಿ ಚಕ್ಕೆ ಎಂದು ಗುರುತು ಹಾಕಿ ಡಾಕ್ಟರಮ್ಮನಿಗೆ ತೋರಿಸಿದೆ. ಅವಳ ಮುಖ ಸಪ್ಪಗಾಯಿತು. ತನ್ನ ವಿಷಯ ಬಲ ಮಾತ್ರ, ಹಲ್ಲಿನ ಗತಿ ಏನಾಯಿತು ಎಂದು ಹೊರಟರೆ ಇನ್ನಾರು ತಿಂಗಳು ಮೈಕ್ರೋಸ್ಕೋಪಿನ ಮುಂದೆ ಕೂರಬೇಕು, ಅಂಕಿ ಕೊಟ್ಟರೆ ಸಾಕು ಎಂದಳು. ನಾನು ಅಂಕಿ ಕೊಟ್ಟೆ. ಸಂಜೆ ಕಿತ್ತ ಹಲ್ಲುಗಳ ಖಾಲಿ ಬಾಟಲಿ ತೆಗೆದುಕೊಂಡು ಹೋಗಲು ಅಂಟಕ್ಕ ಬಂದವಳು ತನ್ನದು ಎಷ್ಟು ಬಂತು ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಈ ಯಂತ್ರ ಇಷ್ಟು ಏದುಸಿರು ಬಿಟ್ಟಿದ್ದು ಇದೇ ಮೊದಲು ಎಂದು ಅವಳನ್ನು ಹೊಗಳಿ ಅಟ್ಟಕ್ಕೇರಿಸಿದೆ. ಅವಳು ಕಿವಿಯವರೆಗೆ ಕೆಂಪಾದಳು. ನಾಲ್ಕು ಗುರುತುಗಳ ವಿಚಾರ ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿ ನುಂಗಿಕೊಂಡೆ. ಒಳ್ಳೆಯತನದಿಂದ ಎಂದು ಆಗ ಅಂದುಕೊಂಡಿದ್ದೆ. ಸೋಮಾರಿತನವೂ ಇತ್ತು.

ಪ್ರಬಂಧ ಮುಗಿದ ಮೇಲೆ ಪಿಂಗಾಣಿಯ ಬ್ರಾಕೆಟ್ಟುಗಳು ಒಂದಿಷ್ಟು ಉಳಿದವು. ಸಹಾಯ ಮಾಡಿದ್ದಕ್ಕೆ ಪ್ರತಿಯಾಗಿ ಡಾಕ್ಟರಮ್ಮ ಅವನ್ನು ಪುಟ್ಟಿಗೆ ಹಾಕಿಕೊಡುತ್ತೇನೆ ಎಂದಳು, ಮೇಲಿನ ಮುಂದಿನ ಆರು ಹಲ್ಲಿಗೆ. ಅಂಟಕ್ಕ ಓಡಿ ಬಂದು ಸುದ್ದಿ ಹೇಳಿದಳು. ಆಸಿಡ್ ತಾನೇ ಹಚ್ಚುತ್ತಾಳಂತೆ, ಬೇರೆಯವರ ಕೈಗೆ ಕೊಡುವುದಿಲ್ಲವಂತೆ.

“ಗಟ್ಟಿ ಇರುತ್ತಲ್ವಾ ಅಣ್ಣಾ?” ಎಂದಳು. “ನೀವು ಯಂತ್ರದಲ್ಲಿ ನೋಡಿದೀರಲ್ಲ.”

ಆಗ ನಾನು ಆಡಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ನಿಮ್ಮ ಕೈಯಲ್ಲಿ ಹಾಕಿದ್ದು ಎಲ್ಲಿ ಬೀಳುತ್ತೆ ಅಕ್ಕಾ? ಹಲ್ಲು ಬಿದ್ರೂ ಅದು ಬೀಳಲ್ಲ.”

ಅವಳು ನಕ್ಕಳು. ಸ್ಟೂಲಿನ ಮೇಲಿದ್ದ ಪುಟ್ಟಿಯೂ ನಕ್ಕಳು, ಕೈ ಅಡ್ಡ ಹಿಡಿದು. ಇಪ್ಪತ್ತರಲ್ಲಿ ನಾಲ್ಕು ಅಂದರೆ ಐದಕ್ಕೊಂದು. ಆ ಹುಡುಗಿಯ ಬಾಯಲ್ಲಿ ಆರು. ಇಷ್ಟು ಲೆಕ್ಕ ಮಾಡಲು ನನಗೆ ಯಂತ್ರವೇನೂ ಬೇಕಿರಲಿಲ್ಲ.

ಎರಡು ವರ್ಷ, ಮೂರು ತಿಂಗಳು. ಒಂದೂ ಉದುರಲಿಲ್ಲ. ಹಲ್ಲುಗಳು ತಿಂಗಳು ತಿಂಗಳಿಗೆ ಹಿಂದೆ ಸರಿದವು. ಹುಡುಗಿಯ ಕೈ ಮೊದಲು ಗಲ್ಲದವರೆಗೆ ಇಳಿಯಿತು, ಆಮೇಲೆ ಕೊರಳವರೆಗೆ, ಕೊನೆಗೆ ಮಡಿಲಲ್ಲೇ ಉಳಿಯಿತು. ಒಂದು ದಿನ ನನ್ನ ಜೋಕಿಗೆ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಬಾಗಿಲಲ್ಲಿದ್ದ ಅಂಟಕ್ಕ ಸರ್ರನೆ ಮುಖ ತಿರುಗಿಸಿಕೊಂಡು ಮೆಟ್ಟಿಲು ಹತ್ತಿ ಹೋದಳು. ಅಳುತ್ತಿದ್ದಳು ಎಂದು ನನಗೆ ಗೊತ್ತು.

ಬ್ರಾಕೆಟ್ ತೆಗೆಯುವ ದಿನ ಬರುವಷ್ಟರಲ್ಲಿ ಡಾಕ್ಟರಮ್ಮ ಪಾಸಾಗಿ ಹೋಗಿದ್ದಳು. ಹೊಸ ವಿದ್ಯಾರ್ಥಿಯೊಬ್ಬ ಇಕ್ಕಳ ಹಿಡಿದ. ಉಗುಳು ಎಳೆಯುವ ಕೊಳವೆ ಅಂಟಕ್ಕನ ಕೈಯಲ್ಲೇ ಇತ್ತು. ಉಕ್ಕಿನದಾದರೆ ಹಿಸುಕಿದಾಗ ಸ್ವಲ್ಪ ಬಾಗಿ ಬಿಟ್ಟುಕೊಡುತ್ತದೆ. ಪಿಂಗಾಣಿ ಬಾಗುವ ಜಾತಿಯಲ್ಲ. ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಎಡಗಡೆಯ ನಡುಹಲ್ಲು. ಸದ್ದು ಅಂಟಕ್ಕನಿಗೆ ಕೇಳಿಸಿತು. ಆ ವಿದ್ಯಾರ್ಥಿಗೆ ಏನಾಯಿತೆಂದು ತಕ್ಷಣ ತಿಳಿಯಲೇ ಇಲ್ಲ, ಅವನು ಎಂದಿನಂತೆ ಹಲ್ಲು ಒಣಗಿಸಲು ಗಾಳಿ ಊದಿದ. ಹುಡುಗಿ ಕುರ್ಚಿಯಿಂದ ಒಂದಡಿ ಮೇಲೆದ್ದಳು.

ಉಗುರಿನ ತುಣುಕಿನಷ್ಟು ಎನಾಮಲ್ ಹೋಗಿತ್ತು, ಒಳಗಿನ ಹಳದಿ ಕಾಣುತ್ತಿತ್ತು. ಎನಾಮಲ್ ಮತ್ತೆ ಬೆಳೆಯುವ ವಸ್ತುವಲ್ಲ. ಬಣ್ಣ ಹೊಂದಿಸಿ ತೇಪೆ ಹಾಕಿದರು. ತಣ್ಣೀರು ತಾಗಿದರೆ, ಬೀದಿಯ ಗಾಳಿ ತಾಗಿದರೆ ನೋವು. ಎಂಟು ತಿಂಗಳಿಗೆ ನೋವು ನಿಂತಿತು, ಏಕೆಂದರೆ ಒಳಗಿನ ನರ ಸತ್ತಿತ್ತು. ಬೇರಿನ ಚಿಕಿತ್ಸೆ ಮಾಡಿದರು. ಹಲ್ಲು ಬೂದಿಯ ಬಣ್ಣಕ್ಕೆ ತಿರುಗಿತು. ಹದಿನೆಂಟು ತುಂಬುವವರೆಗೆ ಕ್ಯಾಪ್ ಹಾಕುವುದು ಬೇಡ ಎಂದರು. ಪುಟ್ಟಿಯ ಕೈ ಮೊದಲಿನ ಜಾಗಕ್ಕೆ ವಾಪಸ್ ಹೋಯಿತು.

ಯಾರೂ ಕೇಳದಿದ್ದರೂ ಅಂಟಕ್ಕ ತಾನಾಗಿಯೇ ಮುಖ್ಯಸ್ಥರ ಬಳಿ ಹೋಗಿ, ಇಷ್ಟು ವರ್ಷವೂ ತಾನು ಅರವತ್ತು ಎಣಿಸಿದ್ದಾಗಿ ಒಪ್ಪಿಕೊಂಡಳು. ಅವರಿಗೆ ಇದಕ್ಕಿಂತ ಅನುಕೂಲದ ಮಾತು ಬೇರೆ ಬೇಕಿರಲಿಲ್ಲ. ಎಲ್ಲರೂ ಕೈ ತೊಳೆದುಕೊಂಡರು, ನಾನೂ ಸೇರಿದಂತೆ. ಅವಳನ್ನು ಸಾಮಾನು ತೊಳೆಯುವ ಕೋಣೆಗೆ ಹಾಕಿದರು. ಆಮೇಲೆ ಅಂಟಕ್ಕ ಎಂದು ಕರೆಯಲು ಎಲ್ಲರಿಗೂ ನಾಚಿಕೆಯಾಗಿ, ಸಂಬಳದ ಪಟ್ಟಿಯ ಹೆಸರು ಹುಡುಕಿ ತೆಗೆದರು.

ಅದಾಗಿ ಕೆಲವು ವಾರಗಳಿಗೆ, ಒಂದು ಮಧ್ಯಾಹ್ನ, ಅವಳು ಹತ್ತು ಗಟ್ಟಿಗಳ ಟ್ರೇ ಹಿಡಿದು ಕೆಳಗೆ ಬಂದಳು. ಹಳೆಯ ಡಬ್ಬಿಯಲ್ಲಿದ್ದ ಅದೇ ಪಿಂಗಾಣಿಯ ಬ್ರಾಕೆಟ್ಟುಗಳು. ಐದು ಹಲ್ಲಿಗೆ ಮೂವತ್ತು ಎಣಿಸಿದ್ದಳಂತೆ, ಐದಕ್ಕೆ ಅರವತ್ತು. ಅಂಕಿ ಬೇಡ, ಬ್ರಾಕೆಟ್ಟಿನ ಬೆನ್ನು ತೋರಿಸಿ ಎಂದಳು. ನಾನು ಒಂದೊಂದಾಗಿ ಯಂತ್ರಕ್ಕೆ ಹಾಕಿದೆ. ಅರವತ್ತರಲ್ಲಿ ಒಂದು ಚಕ್ಕೆ ಎದ್ದಿತು. ಮೂವತ್ತರಲ್ಲೂ ಒಂದು ಎದ್ದಿತು. ಹತ್ತು ಹಲ್ಲಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ಯಾವ ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾನೆ. ಅವಳು ಭೂತಗನ್ನಡಿಯಲ್ಲಿ ಎರಡನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ಕೇಳಿದಳು:

“ಆವತ್ತು ಡಾಕ್ಟರಮ್ಮನ ಪ್ರಬಂಧದ ಹಲ್ಲುಗಳಲ್ಲೂ ಹೀಗೆ ಎದ್ದಿತ್ತಾ ಅಣ್ಣಾ?”

“ಇಲ್ಲಕ್ಕಾ,” ಎಂದೆ. “ನಾನು ನೋಡ್ಲಿಲ್ಲ.”

ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಯಂತ್ರ ಆರಿಸುವ ನೆಪದಲ್ಲಿ ನಾನೇ ಆಚೆ ತಿರುಗಿದೆ.

“ಹೌದು ಬಿಡಿ,” ಎಂದಳು. “ನೋಡಿದ್ರೆ ನೀವು ಹೇಳ್ದೇ ಇರ್ತಿದ್ರಾ?”

ಟ್ರೇ ಎತ್ತಿಕೊಂಡು ಹೋದಳು. ಅವಳ ಹಿಂದೆಯೇ ಬಾಗಿಲಿಗೆ ಬೀಗ ಹಾಕಿದೆ. ಮನೆಯಲ್ಲಿ ಊಟ ಸೇರಲಿಲ್ಲ. ನನಗೆ ಇದ್ದದ್ದು ಒಂದೇ ಯೋಚನೆ, ಆ ಪೆನ್ಸಿಲ್ ಗುರುತುಗಳದು. ಯಾವತ್ತಾದರೂ ಯಾರಾದರೂ ಆ ಪುಟ ತೆರೆದರೆ? ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಜೇಬಿನಲ್ಲಿದ್ದ ರಬ್ಬರ್ ಹೊರಗೆ ತೆಗೆದು, ಕಪಾಟಿನಿಂದ ಆ ವರ್ಷದ ರಿಜಿಸ್ಟರ್ ಇಳಿಸಿದೆ. ಹೌದು, ಅಳಿಸಲಿಕ್ಕೇ ಹೋಗಿದ್ದೆ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ಮೊದಲಿನ ಸುಳ್ಳಿಗೆ ಇನ್ನೊಂದು ಸೇರಿದಂತಾಗುತ್ತದೆ.

ಪುಟ ತಾನಾಗಿಯೇ ತೆರೆದುಕೊಂಡಿತು, ನಡುವೆ ಏನೋ ಇದ್ದುದರಿಂದ. ಔಷಧಿ ಕಟ್ಟುವಂಥ ಸಣ್ಣ ಕಾಗದದ ಪೊಟ್ಟಣ. ಬಿಚ್ಚಿದೆ. ಪಿಂಗಾಣಿಯ ಒಂದು ಬ್ರಾಕೆಟ್, ಅದರ ಬೆನ್ನಿಗೆ ಮೆತ್ತಿದ ಹೊಳೆಯುವ ಚಕ್ಕೆ. ಕಾಗದದ ಮೇಲೆ ಅವಳ ಗುಂಡು ಅಕ್ಷರದಲ್ಲಿ ‘ಪುಟ್ಟಿ, ಎಡ, ನಡುಹಲ್ಲು’ ಎಂದು ಬರೆದಿತ್ತು. ನನ್ನ ನಾಲ್ಕು ಗುರುತುಗಳ ಕೆಳಗೆ ಪೆನ್ಸಿಲಿನಲ್ಲೇ ಐದನೆಯದೊಂದು ಗುರುತು, ಅದು ನನ್ನ ಕೈಯದಲ್ಲ.

ಬೀಗದ ಕೈ ಇರುಳಿಡೀ ನನ್ನ ಜೇಬಿನಲ್ಲಿತ್ತು. ಅಂದರೆ ಅವಳು ಅದನ್ನು ಮೊದಲೇ ಇಟ್ಟಿದ್ದಳು. ಆ ಕಪಾಟಿನ ಧೂಳು ವರ್ಷಗಟ್ಟಲೆ ಒರೆಸಿದವಳಿಗೆ ಯಾವ ರಿಜಿಸ್ಟರ್ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಎಲ್ಲ ಗೊತ್ತಿದ್ದೇ ಆ ಹತ್ತು ಹಲ್ಲು ಹಿಡಿದು ಬಂದಿದ್ದಳು, ಎಲ್ಲ ಗೊತ್ತಿದ್ದೇ ಕೇಳಿದ್ದಳು. ನಾನು ಹೇಳುತ್ತೇನೋ ಇಲ್ಲವೋ ಎಂದು ನೋಡಲು. ಒಂದು ಸಲ ಅವಕಾಶ ಕೊಟ್ಟಿದ್ದಳು.

ಮೇಲೆ ಹೋದೆ. ಸಾಮಾನು ತೊಳೆಯುವ ಕೋಣೆಯಲ್ಲಿ ಅವಳು ಬೆನ್ನು ಮಾಡಿ ನಿಂತು ಇಕ್ಕಳಗಳ ಸಂದಿಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ನನ್ನ ಹೆಜ್ಜೆ ಅವಳಿಗೆ ಗೊತ್ತು.

“ಅಳಿಸಿದ್ರಾ?” ಎಂದು ಕೇಳಿದಳು, ತಿರುಗದೆ.

“ಇಲ್ಲ.”

“ಅಳಿಸ್ಬೇಡಿ. ಇಂಕಲ್ಲಿ ಬರೀರಿ. ಮುಂದೆ ಬರೋರು ನೋಡ್ಲಿ.”

ತಪ್ಪಾಯಿತು ಎಂದೆ. ಕ್ಷಮಿಸಿಬಿಡಿ ಎಂದೆ. ಬ್ರಷ್ ಒಂದು ಕ್ಷಣ ನಿಂತಿತು. ನಲ್ಲಿಯ ನೀರು ಸುರಿಯುತ್ತಲೇ ಇತ್ತು.

“ಅದನ್ನ ನನ್ನ ಹತ್ರ ಕೇಳ್ಬೇಡಿ ಅಣ್ಣಾ,” ಎಂದಳು. “ಪುಟ್ಟಿ ಹತ್ರ ಕೇಳಿ.”

ಇಂಕಿನಲ್ಲಿ ಬರೆದೆ. ಐದು ಸಾಲಿಗೂ ಎದುರಿಗೆ, ಏನು ನೋಡಿದೆ, ಯಾವಾಗ ನೋಡಿದೆ, ಯಾರಿಗೆ ಹೇಳಲಿಲ್ಲ ಎಂದು. ಮುಖ್ಯಸ್ಥರಿಗೂ ಒಂದು ಪ್ರತಿ ಕೊಟ್ಟೆ, ಅವರು ಅದನ್ನು ಏನು ಮಾಡಿದರೋ ಗೊತ್ತಿಲ್ಲ. ಅವಳು ನಿವೃತ್ತಿಯಾಗುವವರೆಗೂ ಅದೇ ಕೋಣೆಯಲ್ಲಿದ್ದಳು. ಎದುರು ಸಿಕ್ಕರೆ ನಮಸ್ಕಾರ ಅಣ್ಣಾ ಎನ್ನುತ್ತಿದ್ದಳು, ಅಷ್ಟಕ್ಕೇ ಮುಗಿಯುತ್ತಿತ್ತು.

ಪುಟ್ಟಿಗೆ ಈಗ ಇಪ್ಪತ್ತನಾಲ್ಕು. ಹಲ್ಲಿಗೆ ಕ್ಯಾಪ್ ಬಂದು ಆರು ವರ್ಷವಾಯಿತು, ಯಾವುದು ಅಸಲಿ ಯಾವುದು ನಕಲಿ ಎಂದು ನನಗೂ ತಿಳಿಯುವುದಿಲ್ಲ. ಡಿಪೋದ ಬಳಿ ವಾರಕ್ಕೆರಡು ಸಲ ಸಿಗುತ್ತಾಳೆ. ಚೆನ್ನಾಗಿದೀರಾ ಮಾಮ ಎಂದು ನಿಲ್ಲುತ್ತಾಳೆ. ಅವಳಮ್ಮ ಅವಳಿಗೆ ಏನನ್ನೂ ಹೇಳಿಲ್ಲ ಅನ್ನುವುದು ಆ ದನಿಯಲ್ಲೇ ಗೊತ್ತಾಗುತ್ತದೆ. ಇವತ್ತು ಕೇಳಿಯೇಬಿಡಬೇಕು ಎಂದು ಬಾಯಿ ತೆರೆಯುತ್ತೇನೆ, ಊಟ ಆಯ್ತೇನಮ್ಮ ಎಂಬ ಮಾತು ಬರುತ್ತದೆ. ಇಲ್ಲದಿದ್ದರೆ ಯಾವುದಾದರೂ ಹಳಸಲು ಜೋಕು. ಅವಳು ಈಗಲೂ ನಗುತ್ತಾಳೆ, ಕೈ ಅಡ್ಡ ಹಿಡಿದುಕೊಂಡು.